ಲಗಮವ್ವ ಹೇಳಲಾರದ ಹೆಸರು

ಸಾವಳಗಿಯ ಕುರುಬರ ಓಣಿಯಲ್ಲಿ ಲಗಮವ್ವ ಕುಳಿತದ್ದನ್ನು ಕಂಡವರು ಕಡಿಮೆ. ಎರಡು ರೊಟ್ಟಿ ಬಡಿದು ಅಂಗಳಕ್ಕೆ ಬರುವಳು, ಕುರಿಹಟ್ಟಿಯ ಬೇಲಿ ನೋಡಿ ಮತ್ತೆ ಒಲೆಯ ಮುಂದೆ ಹೋಗುವಳು. ಉಣ್ಣೆ ನೂಲುವುದು ಕೂಡ ನಡೆದಾಡುತ್ತಲೇ. ಕದರು ತಿರುಗುತ್ತ ತಿರುಗುತ್ತ ಅವಳ ಜೊತೆಗೆ ಓಣಿಯ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತಿತ್ತು. ಪಕ್ಕದ ಮನೆಯ ಸತ್ಯವ್ವ, "ಈಕಿ ಹೆರೂ ಮುಂದಾದರೂ ಕುಂತಿದ್ದಳೋ ಇಲ್ಲೋ" ಎಂದು ಬಂದವರ ಎದುರಿಗೇ ನಗುತ್ತಿದ್ದಳು.

ಆ ಓಣಿಗೆ ಸೊಸೆಯಾಗಿ ಬಂದವಳು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಲ್ಲಿ ತರಬಾರದು. ಲಗಮವ್ವ ಆ ನೇಮವನ್ನು ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ನಡೆಸಿದ್ದಳು. ಗಂಡ ಹುಲೆಪ್ಪ, ಆದ್ದರಿಂದ ಹುಲಿಗೆ ಅವಳು 'ದೊಡ್ಡ ನಾಯಿ' ಅನ್ನುವಳು. ಮಾವ ಹೊಳೆಪ್ಪ, ಆದ್ದರಿಂದ ಹೊಳೆಗೆ 'ದೊಡ್ಡ ನೀರು'. ಹಬ್ಬಕ್ಕೆ ಹೋಳಿಗೆ ಮಾಡಿದರೆ ಅದೂ ಕಿವಿಗೆ ಹತ್ತಿರ ಬಂದೀತೆಂದು 'ಬ್ಯಾಳಿ ಚಪಾತಿ' ಅಂದು ಬಡಿಸುವಳು. ಮಗ ಜಕ್ಕಪ್ಪ ಸಣ್ಣವನಿದ್ದಾಗ ಬೇಕೆಂದೇ ಕಾಡುತ್ತಿದ್ದ.

"ಯವ್ವಾ, ನಾವು ಈಜಾಕ ಎಲ್ಲಿಗೆ ಹೋಗೂದು?"

"ನೀರಿಗೆ."

"ಯಾವ ನೀರಿಗೆ? ಬಾವಿಗೇನು?"

"ನಿನ್ನ ಬಾಯಿಗೆ ಮಣ್ಣ ಹಾಕ. ದೊಡ್ಡದಕ್ಕ."

ಹುಲೆಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಾವ ಹೊಳೆಪ್ಪನನ್ನಂತೂ ಅವಳು ಕಂಡೇ ಇರಲಿಲ್ಲ. ಎಲ್ಲಿಂದಲೋ ಕುರಿ ಹೊಡೆದುಕೊಂಡು ಹೆಂಡತಿ ಮುದಕವ್ವನನ್ನು ಕರೆದುಕೊಂಡು ಸಾವಳಗಿಗೆ ಬಂದವನು, ಹುಲೆಪ್ಪ ಮೊಲೆ ಕುಡಿಯುವ ಕೂಸಿದ್ದಾಗಲೇ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದ. ಅತ್ತೆ ಮುದಕವ್ವ ಕೊನೆಗಾಲದಲ್ಲಿ ಆ ದಿನಗಳನ್ನು ಆಗಾಗ ಹೇಳುತ್ತಿದ್ದಳು. ಊರು ಬಿಟ್ಟು ಎಲ್ಲರೂ ಹೊಳೆಸಾಲಿನ ಹೊಲಗಳಲ್ಲಿ ಜೋಪಡಿ ಹಾಕಿದ್ದರಂತೆ. ಸತ್ತವರನ್ನು ಬರೆದುಕೊಳ್ಳಲು ಜಮಖಂಡಿ ಸಂಸ್ಥಾನದ ಕಾರಕೂನ ಬಂದು, ಮೂಗಿಗೆ ಅರಿವೆ ಹಿಡಿದು, ದೂರದಲ್ಲಿ ನಿಂತೇ ಹೆಸರು ಕೇಳಿದನಂತೆ. "ನಾ ಹೆಂಗ ಹೇಳಲಿ? ಕೈಮಾಡಿ ನೀರು ತೋರಿಸಿದೆ. ಬರಕೊಂಡ, ಹೋದ" ಎಂದು ಮುದುಕಿ ಮಾತು ಮುಗಿಸುತ್ತಿದ್ದಳು. ಯಾವ ಊರಿಂದ ಬಂದಿರಿ ಎಂದರೆ, "ನೀರಿನ ಆಚಿ. ಆ ಊರಿನ ಮಾತು ತಗೀಬ್ಯಾಡ" ಅನ್ನುವಳು. ಅದಕ್ಕಿಂತ ಹೆಚ್ಚಿನದನ್ನು ಅವಳಿಂದ ಯಾರೂ ಹೊರಡಿಸಿರಲಿಲ್ಲ. ಅಷ್ಟರ ಅವಶ್ಯಕತೆಯೂ ಆಗ ಯಾರಿಗೂ ಬಿದ್ದಿರಲಿಲ್ಲ.

ಅವಶ್ಯಕತೆ ಬಿದ್ದದ್ದು ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಎರಡು ವರ್ಷ ಕಳೆದ ಮೇಲೆ, ಮಗಳು ಮಾಯವ್ವನ ಮದುವೆಯ ಮಾತಿನಲ್ಲಿ.

ಗಂಡು ರಬಕವಿಯವನು, ಗಂಗಾರಾಮ. ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಪಗಾರದ ಕೆಲಸ. ಅವರೂ ಬೀರೇಶ್ವರನ ಒಕ್ಕಲೇ. ಹುಡುಗನ ಅಪ್ಪ ರೇವಪ್ಪ ಬಂದವನು ಮೊದಲು ಕೇಳಿದ್ದು ಬೆಡಗು. ಬೆಡಗು ಅಂದರೆ ಕುಲದೊಳಗಿನ ಒಂದೊಂದು ಬಳ್ಳಿ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಕೊಟ್ಟು ತರುವುದಿಲ್ಲ. ರೇವಪ್ಪನ ಮನೆಯದು ಬನ್ನಿ ಬೆಡಗು. ಅವರು ಬನ್ನಿ ಮರಕ್ಕೆ ಕೊಡಲಿ ಹಾಕುವುದಿಲ್ಲ, ಬನ್ನಿ ಕಟ್ಟಿಗೆ ಒಲೆಗೆ ಇಡುವುದಿಲ್ಲ. "ನಮ್ಮದು ಆನಿ ಬೆಡಗ್ರಿ" ಎಂದು ಜಕ್ಕಪ್ಪ ಹೇಳಿದ. ಅವನಪ್ಪ ಹಾಗೆ ಹೇಳುತ್ತಿದ್ದ. ಮಾತು ಮುಂದುವರಿಯಿತು.

ನಿಶ್ಚಯದ ದಿನ ಬೀಗರು ಬಂದರು. ಗಂಗಾರಾಮ ತಾನೇ ಆರಿಸಿದ್ದೆಂದು ಹಸಿರು ಮೈಯ, ಕೆಂಪು ದಡಿಯ ಸೀರೆಯೊಂದು ಬಂತು. ಸಕ್ಕರೆ ಹಂಚಿದರು. ಹುಡುಗನ ತಾಯಿ ಮರೆವ್ವ ಸುಮ್ಮನೆ ಕೂಡದೆ ಅಡಿಗೆಮನೆಗೆ ಬಂದು ಒಲೆಯ ಮುಂದೆ ಕುಳಿತಳು. ಕಟ್ಟಿಗೆ ಮುಂದಕ್ಕೆ ದೂಡುವಾಗ ಸಿವುಡಿನಿಂದ ಒಂದು ಕೊರಡು ತೆಗೆದು ಬದಿಗಿಟ್ಟು, "ತಪ್ಪ ತಿಳೀಬ್ಯಾಡ್ರಿ ಬೀಗತಿ. ಇದು ಬನ್ನಿ. ನಾವು ಸುಡಂಗಿಲ್ಲ" ಅಂದಳು.

ಆ ಸಿವುಡನ್ನು ಹಿಂದಿನ ದಿನ ಬೇರೆಯವರು ತಂದು ಹಾಕಿದ್ದರು. ಲಗಮವ್ವ ನೋಡಿರಲಿಲ್ಲ. ಬೀಗತಿಗೆ ಸಂಕೋಚವಾಗಬಾರದೆಂದು ಅವಳು ನಗುತ್ತ, "ಅಯ್ಯ, ನಮ್ಮಲ್ಲೂ ಸುಡಂಗಿಲ್ರಿ. ನಮ್ಮತ್ತಿ ಇರೂತನಕ ಈ ಒಲಿಗೆ ಬನ್ನಿ ಕಡ್ಡಿ ಮುಟ್ಟಿಸಗೊಡಲಿಲ್ಲ. ನಾನೂ ಹಂಗs ನಡಿಸಿಕೊಂಡ ಬಂದೇನಿ" ಅಂದಳು.

ಮರೆವ್ವನ ಕೈ ಕಟ್ಟಿಗೆಯ ಮೇಲೆಯೇ ನಿಂತಿತು. ಆಮೇಲೆ ಸೆರಗು ಕೊಡವಿ ಎದ್ದು, ಪಡಸಾಲೆಯಲ್ಲಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಲಗಮವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಡಿದ ಮಾತು ಅಷ್ಟು ಬೇಗ ಪಡಸಾಲೆ ಮುಟ್ಟಿಬಿಟ್ಟಿತ್ತು.

ರೇವಪ್ಪ ದನಿ ಏರಿಸುವ ಮನುಷ್ಯನಲ್ಲ. ಎಲೆಯಡಿಕೆ ಮೆಲ್ಲುತ್ತ ಜಕ್ಕಪ್ಪನ ಕಡೆಗೆ ತಿರುಗಿದ. "ತಮ್ಮಾ, ಆನಿ ಬೆಡಗಿನವರು ಆನಿ ಸುಡಂಗಿಲ್ಲ ಅಂದ್ರ ನಂಬತೇನಿ. ಬನ್ನಿ ಯಾಕ ಸುಡಂಗಿಲ್ಲ?"

ಯಾರೂ ನಗಲಿಲ್ಲ. ಜಕ್ಕಪ್ಪ ತಾಯಿಯ ಕಡೆಗೆ ನೋಡಿದ.

"ನಿಮ್ಮ ಮನಿ ಮುಂದ ಹೆಳವರು ಎತ್ತು ನಿಲ್ಲಸ್ತಾರೇನು?"

ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುವ ಹೆಳವರು ಓಣಿಯ ಎಲ್ಲ ಮನೆಗಳ ಮುಂದೆ ನಿಲ್ಲುತ್ತಿದ್ದರು, ಈ ಮನೆಯೊಂದನ್ನು ಬಿಟ್ಟು. ಹೊರಗಿನಿಂದ ಬಂದು ಸೇರಿದ ಮನೆ ಅವರ ಬಾಯಲ್ಲಿರಲಿಲ್ಲ.

"ಹಂಗಾರ ಹಿಂಗ ಮಾಡೂಣು" ಎಂದ ರೇವಪ್ಪ. "ನಿಮ್ಮ ಅಣ್ಣತಮ್ಮಕಿಯವರು ಎಲ್ಲಾದರೂ ಇರಬೇಕಲಾ. ಒಬ್ಬರನ್ನ ಕರಕೊಂಡ ಬರ್ರಿ. ಅವರು ಬೆಡಗ ಹೇಳಲಿ. ಬನ್ನಿ ಹಬ್ಬದ ತನಕ ನಾವು ಮತ್ತೊಂದ ಹೆಣ್ಣ ನೋಡಂಗಿಲ್ಲ. ಆಮ್ಯಾಲೆ ನಮಗ ತಪ್ಪ ಹಚ್ಚಬ್ಯಾಡ್ರಿ."

ಬೀಗರು ಹೋದ ಮೇಲೆ ಹಸಿರು ಸೀರೆ ಮಡಿಕೆ ಬಿಚ್ಚದೆ ಗೋಡೆಯ ಮಾಡದಲ್ಲಿ ಉಳಿಯಿತು. ಮಾಯವ್ವ ಅದನ್ನು ಮುಟ್ಟಲಿಲ್ಲ. ಎರಡು ದಿನ ಬಿಟ್ಟು, ಕುರಿಗೆ ನೀರು ಕುಡಿಸುತ್ತ, ತಲೆ ಎತ್ತದೆ ಹೇಳಿದಳು. "ಯವ್ವಾ, ಅವರು ನನಗ ಅಣ್ಣ ಆಗಬೇಕಂದ್ರ ಈಗs ಹೇಳಿಬಿಡು. ಆಮ್ಯಾಲೆ ಹೇಳಿದ್ರ ನನಗ ಆಗಂಗಿಲ್ಲ."

ಆ ದಿನದಿಂದ ಲಗಮವ್ವನಿಗೆ ನಿಂತಲ್ಲಿ ನಿಲ್ಲಲೂ ಆಗದು. ತನ್ನ ಬಾಯಿಂದ ಬಂದ ಮಾತು ಅದು. ಬೀಗತಿಯನ್ನು ಮೆಚ್ಚಿಸಲು ಆಡಿದ ಮಾತು. ಅತ್ತೆ ಬನ್ನಿ ಯಾಕೆ ಸುಡಗೊಡಲಿಲ್ಲ ಎಂದು ಒಂದು ದಿನವಾದರೂ ಕೇಳಿದ್ದೆನೇ ಎಂದು ತನ್ನನ್ನೇ ಬೈದುಕೊಳ್ಳುವಳು. ರೊಟ್ಟಿ ಸೀದುಹೋಗುವುದು. ನೂಲು ಹರಿಯುವುದು. ಸತ್ಯವ್ವ ಬಾಗಿಲಿಗೆ ಬಂದು, "ಲಗಮಿ, ಹಿಂಗ ತಿರಗಿದ್ರ ಓಣಿ ತಗ್ಗು ಬಿದ್ದೀತ ಬೇ. ಹುಡುಗಿಗೆ ಬ್ಯಾರೆ ಗಂಡ ಸಿಗಂಗಿಲ್ಲೇನು?" ಅಂದರೆ ಅವಳನ್ನು ದಾಟಿ ಹೋಗುವಳು.

ಜಕ್ಕಪ್ಪ ಕುರಿಗಳನ್ನು ಗೆಳೆಯನಿಗೆ ಒಪ್ಪಿಸಿ ಹೊರಟ. ಊರಿನ ಹಿರಿಯರು ದಾರಿ ಹೇಳಿದ್ದರು. ಸತ್ತವರ ಹೆಸರನ್ನು ಸಂಸ್ಥಾನದವರು ಬರೆಸುತ್ತಿದ್ದರು, ಯಾವ ಊರಿನವರು ಎಂದೂ ಬರೆಸುತ್ತಿದ್ದರು. ಆ ಕಾಗದವೆಲ್ಲ ಈಗ ಜಮಖಂಡಿ ಕಚೇರಿಯಲ್ಲಿದೆ. ಅವನು ಜಮಖಂಡಿಗೆ ಹೋಗಿ, ಸಾವಳಗಿ, ಪ್ಲೇಗಿನ ವರ್ಷ, ಹೊಳೆಪ್ಪ ಎಂದು ಕೇಳಿದ. ಹಳೆಯ ಕಾರಕೂನ ಕಾಗದ ಕಟ್ಟಿದ ರುಮಾಲು ಬಿಚ್ಚಿ ನೋಡಿ, ಹೊಳೆಪ್ಪ ಎಂಬವನು ಇಲ್ಲವೆಂದ. ಕುರಿಗಾರರು ಮುಧೋಳದ ಕಡೆಯಿಂದ ಬಂದಿರಬಹುದು ಎಂದು ಯಾರೋ ಹೇಳಿದ್ದಕ್ಕೆ ಮುಧೋಳಕ್ಕೆ ಹೋದ. ಅದು ಬೇರೆ ರಾಜರ ಸಂಸ್ಥಾನವಾಗಿತ್ತು, ಕಾಗದವೂ ಬೇರೆ. ಅಲ್ಲಿಯೂ ಇಲ್ಲ. ಬೀಳಗಿ ಮೊದಲಿನಿಂದಲೂ ಇಂಗ್ರೇಜಿ ಸರಕಾರದ ಸೀಮೆ. ಅಲ್ಲಿ ಊರಿನ ಹೆಸರು ಹೇಳದೆ ಹುಡುಕುವುದಿಲ್ಲ ಎಂದು ಕಿಟಕಿಯಲ್ಲಿಯೇ ತಿರುಗಿಸಿ ಕಳಿಸಿದರು. ಊರಿನ ಹೆಸರು ಗೊತ್ತಿದ್ದರೆ ಅವನು ಅಲ್ಲಿಗೆ ಯಾಕೆ ಹೋಗುತ್ತಿದ್ದ.

ಕಾಲು ಬಾತುಕೊಂಡು ಮನೆಗೆ ಬಂದ ಜಕ್ಕಪ್ಪ ಜಗಲಿಯ ಮೇಲೆ ಅಂಗಾತ ಬಿದ್ದುಕೊಂಡ.

"ಯವ್ವಾ, ನಿಮ್ಮ ಮಾವ ಹುಟ್ಟೂ ಇಲ್ಲ, ಸತ್ತೂ ಇಲ್ಲ. ಯಾವ ಕಾಗದದಾಗೂ ಇಲ್ಲ. ನಾವs ಸುಳ್ಳು."

"ಹಂಗ ಅನಬ್ಯಾಡೋ."

"ಮತ್ತ ಏನ ಅನ್ನಲಿ? ಮೂರು ಊರಾಗ ಕೂಗಿ ಕೂಗಿ ಹೇಳಿ ಬಂದೇನಿ. ನನ್ನ ಕೈಲಿ ಆಗೂದು ಇಷ್ಟ."

ನವರಾತ್ರಿಗೆ ಘಟ ಹಾಕುವ ದಿನ ಹತ್ತಿರ ಬಂದಿತ್ತು. ಅದಾದ ಮೇಲೆ ಬನ್ನಿ ಹಬ್ಬ ಎಷ್ಟು ದೂರ. ಮರುದಿನ ಬೆಳಗಿನಲ್ಲಿ ಜಕ್ಕಪ್ಪ ಎದ್ದಾಗ ತಾಯಿ ರೊಟ್ಟಿಯ ಗಂಟು ಕಟ್ಟಿ ನಿಂತಿದ್ದಳು.

"ಎಲ್ಲಿಗೆ ಬೇ?"

"ಜಮಖಂಡಿಗೆ. ನಾನs ಹೋಗಿ ಕೇಳತೇನಿ."

"ನೀ ಏನಂತ ಕೇಳತಿ? ಹೆಸರ ನಿನ್ನ ಬಾಯಾಗ ಬರಂಗಿಲ್ಲ."

"ಬಂದಷ್ಟ ಕೇಳತೇನಿ. ಇಲ್ಲಿ ಇದ್ದು ನನಗ ಹುಚ್ಚ ಹಿಡೀತೈತಿ."

ಕೃಷ್ಣೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ನಾವೆಯಲ್ಲಿ ಎಲ್ಲರೂ ಕುಳಿತರೂ ಲಗಮವ್ವ ನಿಂತೇ ಇದ್ದಳು. "ಕೂಡು ಯವ್ವಾ, ಹೊಳಿಗೆ ಆಹಾರ ಆಗಬೇಕೇನು?" ಎಂದು ಅಂಬಿಗ ಗದರಿದ ಮೇಲೆ ಅಂಚಿಗೆ ಕುಳಿತಳು. ಹಿಂದೆ ಸರಿಯುತ್ತಿದ್ದ ದಂಡೆಯನ್ನು ನೋಡುತ್ತ, ಪ್ಲೇಗಿನ ಜೋಪಡಿಗಳು ಎಲ್ಲಿದ್ದವೋ, ಅತ್ತೆ ಎಲ್ಲಿ ನಿಂತಿದ್ದಳೋ ಎಂದುಕೊಂಡಳು.

ಜಮಖಂಡಿ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಸಂಸ್ಥಾನದ ಕಾಗದಗಳಿದ್ದವು. ಕೆಂಪು, ಬಿಳಿ ಅರಿವೆಗಳಲ್ಲಿ ಕಟ್ಟಿದ ಗಂಟುಗಳು ಮಾಳಿಗೆಯ ತನಕ ಪೇರಿಸಿದ್ದವು. ರುಮಾಲು ಅಂದರೆ ಅವೇ. ಅವುಗಳಲ್ಲಿಯ ಮರಾಠಿ ಮೋಡಿ ಲಿಪಿ ಹೊಸ ಕಾರಕೂನರಿಗೆ ಬಾರದು. ವಿಠೋಬಾ ಎಂಬ ಹಳೆಯ ಕಾರಕೂನರೊಬ್ಬರೇ ಓದುತ್ತಿದ್ದರು. ಆದ್ದರಿಂದ ಹೊಲದ ತಕರಾರಿನವರು, ವತನದವರು ಎಲ್ಲರೂ ಅವರ ಮೇಜಿನ ಸುತ್ತ. ಲಗಮವ್ವ ಸರದಿಯಲ್ಲಿ ನಿಂತಳು, ಹೊರಗೆ ಹೋಗಿ ಬಂದಳು, ಮತ್ತೆ ನಿಂತಳು. ಕೊನೆಗೆ ಅವರೇ ಕನ್ನಡಕದ ಮೇಲಿಂದ ನೋಡಿ ಕೇಳಿದರು.

"ನಿಂದೇನ ಕೆಲಸ ಬಾಯಿ?"

"ಸಾವಳಗಿಯಾಕಿರೀ. ಪ್ಲೇಗ್ನ್ಯಾಗ ನಮ್ಮ ಮಾವ ಸತ್ತಾರ. ಅವರು ಯಾವ ಊರಿನವರಂತ ಬರದೈತಿ ನೋಡಬೇಕಾಗಿತ್ರೀ."

"ಹೆಸರು?"

ಲಗಮವ್ವ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು.

"ಹೆಸರು ಬಾಯಿ, ಹೆಸರು. ಹೆಸರ ಇಲ್ಲದ ಹೆಣಾ ಹೆಂಗ ಹುಡುಕಲಿ?"

ಗೋಡೆಗೆ ಆತು ನಿಂತಿದ್ದವನೊಬ್ಬ, "ಮಾವನ ಹೆಸರಲ್ರೀ ಸಾಹೇಬ್ರ, ಹೇಳಂಗಿಲ್ಲ ಆಕಿ. ನೀವs ಒಡಪ ಬಿಡಸ್ರಿ" ಎಂದು ನಕ್ಕ.

ವಿಠೋಬಾ ಲೇಖಣಿ ಕೆಳಗಿಟ್ಟರು. ಇಂಥ ಕೆಲಸ ಅವರಿಗೆ ಹೊಸದಾಗಿರಲಿಲ್ಲ. "ಆತು, ಹೇಳು. ಯಾವ ದೇವರ ಹೆಸರು?"

"ದೇವರದಲ್ರೀ. ನೀರಿಂದು."

"ಗಂಗಪ್ಪ."

"ಅಲ್ರೀ."

"ಬಾವೆಪ್ಪ ಅಂತೇನರ ಇಟ್ಟಿದ್ರೇನು?"

"ಅಲ್ರೀ. ದೊಡ್ಡ ನೀರ್ರೀ." ಅವಳು ಉತ್ತರದ ಕಡೆಗೆ ಕೈ ಮಾಡಿದಳು. "ಈಗ ನಾವ್ಯಾಗ ದಾಟಿ ಬಂದೇನಲ್ರೀ, ಅದು."

"ಹಾಂ, ಹಂಗ ಹೇಳು ಮತ್ತ. ಕೃಷ್ಣಾ. ಕೃಷ್ಣಪ್ಪ" ಅಂದರು ವಿಠೋಬಾ, ಲೇಖಣಿ ಎತ್ತಿ ಚೀಟಿಯ ಮೇಲೆ ಬರೆದೂಬಿಟ್ಟರು.

ಅಲ್ಲರೀ ಎನ್ನಲು ಲಗಮವ್ವ ಬಾಯಿ ತೆರೆದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆ ಕೈ ತನ್ನದಲ್ಲ ಎಂಬಂತೆ ಅದನ್ನು ನೋಡಿದಳು. ಮೂಗಿಗೆ ಅರಿವೆ ಹಿಡಿದು ದೂರ ನಿಂತ ಕಾರಕೂನ. ಕೂಸನ್ನು ಬಗಲಲ್ಲಿ ಇಟ್ಟುಕೊಂಡು ನೀರಿನ ಕಡೆಗೆ ಕೈ ಮಾಡಿದ ಅತ್ತೆ. ಬರಕೊಂಡ, ಹೋದ. ಏನು ಬರೆದುಕೊಂಡ ಎಂದು ಓದು ಬಾರದ ಮುದಕವ್ವನಿಗೆ ಹೇಗೆ ಗೊತ್ತಾಗಬೇಕು.

"ಸಾಹೇಬರ" ಅಂದಳು ಲಗಮವ್ವ. "ಅದನ್ನs ನೋಡ್ರಿ. ಈಗ ನೀವು ಬರದ್ರಲಾ, ಆ ಹೆಸರನ್ನs ನೋಡ್ರಿ. ಹೇಣ್ತಿ ಹೆಸರು ಮುದಕವ್ವ ಅಂತ ಇರಬೇಕು."

ವಿಠೋಬಾ ಸಾವಳಗಿಯ ರುಮಾಲು ಇಳಿಸಿದರು. ಗಂಟು ಬಿಚ್ಚಿದಾಗ ಹಳೆಯ ಕಾಗದದ ಒಗರು ವಾಸನೆ ಎದ್ದಿತು. ಅಕ್ಷರಕ್ಕೆ ಅಕ್ಷರ ಅಂಟಿಕೊಂಡು ಇರುವೆ ಸಾಲು ಹರಿದಂತೆ ಬರಹ. ಪ್ಲೇಗಿನ ವರ್ಷಗಳ ಹಾಳೆಗಳು ಬಹಳವಿದ್ದವು. ಅವರು ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ತಿರುವಿದರು. ನಡುವೆ ಒಬ್ಬ ವತನದಾರ ಬಂದು ಅವರನ್ನು ಮಾತಿಗೆ ಎಳೆದ. ಲಗಮವ್ವ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು.

"ಬಾಯಿ, ಒಂದ ಕಡೆ ನಿಲ್ಲು. ನೀ ತಿರಗಿದ್ರ ನನಗ ಅಕ್ಷರ ತಿರಗತಾವು" ಎಂದರು ವಿಠೋಬಾ.

ಅವಳು ಕಂಬ ಹಿಡಿದು ನಿಂತಳು.

ಒಂದು ಹಾಳೆಯಲ್ಲಿ ಅವರ ಬೆರಳು ತಡೆಯಿತು. ಮರಾಠಿಯಲ್ಲಿದ್ದದ್ದನ್ನು ಮೊದಲು ತಮ್ಮಷ್ಟಕ್ಕೆ ಓದಿಕೊಂಡರು, ಆಮೇಲೆ ಅವಳಿಗೆ ಬಿಡಿಸಿ ಹೇಳಿದರು. "ಕೃಷ್ಣಪ್ಪ. ಜಾತಿ ಧನಗರ, ಅಂದ್ರ ನಿಮ್ಮ ಕುರುಬರು. ಪ್ಲೇಗಿನ ಗಂಟ ಬ್ಯಾನಿಂದ ಸತ್ತಾನ. ಖಬರ ಕೊಟ್ಟಾಕಿ ಹೆಂಡತಿ, ಮುದಕವ್ವ. ಮೂಲ ಊರು," ಅವರು ಹಾಳೆಯನ್ನು ಬೆಳಕಿಗೆ ಹಿಡಿದರು, "ಗಲಗಲಿ."

ತನ್ನ ಹೆಸರನ್ನು ಮುದಕವ್ವ ಬಾಯಿಬಿಟ್ಟು ಹೇಳಬಹುದಿತ್ತು, ಅದು ನೆಟ್ಟಗೆ ಉಳಿದಿತ್ತು. ಗಂಡನದು ಐವತ್ತು ವರ್ಷ ಬೇರೊಬ್ಬನಾಗಿ ಆ ಅರಿವೆಯಲ್ಲಿ ಮಲಗಿತ್ತು.

ಲಗಮವ್ವ ಕೈಮುಗಿದು ಹೊರಗೆ ಬಂದವಳು ಸಾವಳಗಿಯ ದಾರಿ ಹಿಡಿಯಲಿಲ್ಲ. ಸಂತೆಗೆ ಬಂದಿದ್ದ ಊರಿನವರ ಕೈಯಲ್ಲಿ ಮಗನಿಗೆ ಸುದ್ದಿ ಹೇಳಿ ಕಳಿಸಿ, ಗಲಗಲಿಯ ಕಡೆಗೆ ಹೊರಟಿದ್ದ ಚಕ್ಕಡಿಯೊಂದನ್ನು ಹತ್ತಿದಳು. ಎತ್ತು ನಿಧಾನವೆನಿಸಿದಾಗ ಇಳಿದು ಮುಂದೆ ಮುಂದೆ ನಡೆದಳು. "ಎತ್ತಿಗಿಂತ ನೀ ಛಲೋ ಎಳೀತಿ ಅಂತ ಕಾಣತೈತಿ, ನೊಗಕ್ಕ ಹೂಡಲೇನು?" ಎಂದ ಚಕ್ಕಡಿಯವನು. ಅವಳಿಗೆ ನಗು ಬರಲಿಲ್ಲ. ಗಲಗಲಿ ಸಿಕ್ಕಿತು, ಖರೆ. ಅಲ್ಲಿ ಹೋಗಿ ಕೇಳಿದ ಮೇಲೆ ಬನ್ನಿ ಅಂದುಬಿಟ್ಟರೆ? ತಿಳಿಯದೆ ಇದ್ದರೆ ಮಾಯವ್ವನಿಗೆ ಇನ್ನೂ ಆಸೆ ಇರುತ್ತಿತ್ತು. ತಿಳಿದ ಮೇಲೆ ಅದನ್ನು ಸಾವಳಗಿಯ ತನಕ ಹೊತ್ತುಕೊಂಡು ಹೋಗಿ ಆ ಹುಡುಗಿಯ ಮುಂದೆ ಇಳಿಸಬೇಕು. ದಾರಿಯ ಬದಿಯಲ್ಲಿ ಬನ್ನಿ ಮರ ಕಂಡಾಗಲೆಲ್ಲ ಅವಳು ಮುಖ ತಿರುಗಿಸಿದಳು.

ಗಲಗಲಿಯಲ್ಲಿ ಬೀರೇಶ್ವರನ ಗುಡಿಯ ಹತ್ತಿರ ಕೇಳಿದಾಗ ಹಳೆಯ ಕಾಲದ ಸುದ್ದಿ ಬೇಕಾದರೆ ಕರೆಪ್ಪಜ್ಜನ ಹತ್ತಿರ ಹೋಗು ಎಂದು ಮನೆ ತೋರಿಸಿದರು. ಕರೆಪ್ಪಜ್ಜನಿಗೆ ಎರಡೂ ಕಣ್ಣು ಹೋಗಿದ್ದವು. ಹೊಳೆಯ ಕಡೆಗೆ ಮುಖ ಮಾಡಿ ಕಂಬಳಿಯ ಮೇಲೆ ಕುಳಿತಿದ್ದ. ಮನೆಯ ಮಂದಿಯೆಲ್ಲ ಹೊಲಕ್ಕೆ ಹೋಗಿದ್ದರು.

"ಯಾರವ್ವಾ?"

"ಸಾವಳಗಿಯಾಕಿರೀ ಅಜ್ಜಾ. ನಿಮ್ಮ ಊರಿಂದ ಭಾಳ ಹಿಂದ ಕುರಿ ಹೊಡಕೊಂಡ ಒಬ್ಬರು ಆ ಕಡೆ ಬಂದಿದ್ರು. ಅವರ ಸೊಸಿ ನಾನು."

"ಹೆಸರೇನು ಅವಂದು?"

ಅವಳ ಕೈ ತಾನಾಗಿ ಮೇಲೆ ಎದ್ದಿತು, ಹೊಳೆಯ ಕಡೆಗೆ. ಎದುರಿಗೇ ಹರಿಯುತ್ತಿತ್ತು, ಮನೆಯ ಬಾಗಿಲಿಗೆ ಸದ್ದು ಕೇಳಿಸುವಷ್ಟು ಹತ್ತಿರ. ಅಜ್ಜ ಕಾಯುತ್ತಿದ್ದ. ಅವನಿಗೆ ಕೈ ಕಾಣದೆಂದು ನೆನಪಾಗಿ ಅವಳು ಕೈ ಇಳಿಸಿದಳು.

"ಕಾಗದದಾಗ ಕೃಷ್ಣಪ್ಪ ಅಂತ ಬರದಾರ್ರೀ."

"ಕೃಷ್ಣಪ್ಪ? ನಮ್ಮ ಊರ ಕುರುಬರಾಗ ಆ ಹೆಸರs ಇಲ್ಲ. ಬ್ಯಾರೆ ಊರಾಗ ಕೇಳವ್ವಾ."

"ಹಂಗಲ್ರೀ. ದೊಡ್ಡ ನೀರಿನ ಹೆಸರು."

"ಗಂಗಪ್ಪ ಅಂತ ಒಬ್ಬ ಇದ್ದ. ಅವ ಊರ ಬಿಟ್ಟ ಎಲ್ಲೀಗೂ ಹೋಗಿಲ್ಲ." ಅಜ್ಜ ಕೋಲಿಗಾಗಿ ನೆಲ ತಡವಿದ, ಮಾತು ಮುಗಿಯಿತು ಎನ್ನುವಂತೆ.

ಲಗಮವ್ವ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಮಗನನ್ನು ಕರೆದುಕೊಂಡು ಬಂದಿದ್ದರೆ ಅವನು ಹೇಳುತ್ತಿದ್ದ. ಮಗ ಮೂರು ಊರಲ್ಲಿ ಕೂಗಿ ಹೇಳಿ ಬಂದಿದ್ದ ಹೆಸರು. ಅವಳ ಬಾಯಲ್ಲಿ ಅದು ಮೂವತ್ತು ವರ್ಷ ಬಾಗಿಲ ಹಿಂದೆ ನಿಂತಿತ್ತು. ಸತ್ತ ಅತ್ತೆ ಇಲ್ಲೇ ಎಲ್ಲೋ ನಿಂತು ಕೇಳಿಸಿಕೊಳ್ಳುತ್ತಾಳೆ ಎನಿಸಿತು. ಮಾಡದಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ ಕಣ್ಣಿಗೆ ಬಂತು.

"ಹೊಳೆಪ್ಪ" ಅಂದಳು.

ಅಂದು, ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು.

ನೆಲ ತಡವುತ್ತಿದ್ದ ಅಜ್ಜನ ಕೈ ನಿಂತಿತು. "ಏನಂದಿ?"

"ಹೊಳೆಪ್ಪರೀ. ಅವರ ಮನಿಯಾಕಿ ಮುದಕವ್ವ."

"ನಮ್ಮ ಹೊಳ್ಯಾ ಕಾಕಾ" ಎಂದ ಕರೆಪ್ಪಜ್ಜ ಮೆಲ್ಲಗೆ. ಕೈ ಚಾಚಿ ಅವಳ ತಲೆ ಎಲ್ಲಿದೆ ಎಂದು ಹುಡುಕಿ ಮುಟ್ಟಿದ. "ನಾ ಸಣ್ಣಾಂವ ಇದ್ನಿ. ನನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡ ಹೊಳಿಗೆ ಹೋಗತಿದ್ದ. ಒಂದಿನ ಕುರಿ ಬಿಟ್ಟಕೊಂಡ ಹೋದಾಂವ ತಿರಗಿ ಬರಲಿಲ್ಲ. ಸತ್ತನೇನು?"

"ಪ್ಲೇಗ್ನ್ಯಾಗ ಸತ್ತರಂತ್ರೀ."

"ಹೂಂ. ಎಲ್ಲಾ ಆ ಕಟಗಿ ಸಂಬಂಧ."

ಲಗಮವ್ವ ತಲೆ ಎತ್ತಿದಳು. "ಯಾವ ಕಟಗಿರೀ?"

"ಬನ್ನಿ ಕಟಗಿ. ಮುದಕಕ್ಕನ ತವರಿನವರು ಬನ್ನಿ ಬೆಡಗು. ಇಲ್ಲಿ ಬಂದ ಮ್ಯಾಲೂ ಆಕಿ ಒಲಿಗೆ ಬನ್ನಿ ಇಡಗೊಡತಿರಲಿಲ್ಲ. ನಮ್ಮ ಅಜ್ಜಿ, ಅಂದ್ರ ಆಕಿ ಅತ್ತಿ, ಬೈಯಾಕಿ. ನಮ್ಮದು ಆನಿ ಬೆಡಗು, ನಿನ್ನ ತವರಿನ ಬನ್ನಿ ನಿನ್ನ ತವರಾಗ ಇರಲಿ ಅಂತ. ಒಂದಿನ ಜಗಳ ಹತ್ತಿ, ಉರಿಯೂ ಕೊಳ್ಳಿ ತಗದ ಅಂಗಳಕ್ಕ ಒಗದ್ಲು ಮುದಕಕ್ಕ. ಅವತ್ತs ಸಂಜೀಕ ಇಬ್ಬರೂ ಹ್ವಾದ್ರು."

"ಮತ್ತೊಮ್ಮೆ ಹೇಳ್ರಿ ಅಜ್ಜಾ. ನಿಮ್ಮದು ಯಾವ ಬೆಡಗು?"

"ಆನಿ. ಯಾಕ?"

ಲಗಮವ್ವ ಅವನ ಕಂಬಳಿಯ ಅಂಚಿನಲ್ಲಿ ಕುಸಿದು ಕುಳಿತಳು. ಎಷ್ಟು ಹೊತ್ತು ಕುಳಿತಳೋ. ಹೊಲದಿಂದ ಬಂದ ಸೊಸೆಯಂದಿರು ಯಾರಿದು ಎಂದು ಕೇಳಿದಾಗ ಅಜ್ಜ, "ನಮ್ಮ ಮನಿಯಾಕಿ" ಎಂದ.

ಬನ್ನಿ ಹಬ್ಬದ ಹಿಂದಿನ ದಿನ ಕರೆಪ್ಪಜ್ಜ ಮೊಮ್ಮಗನ ಕೈ ಹಿಡಿದು ರಬಕವಿಗೆ ಹೋಗಿ ರೇವಪ್ಪನ ಪಡಸಾಲೆಯಲ್ಲಿ ಕುಳಿತು ಇದನ್ನೆಲ್ಲ ಹೇಳಿದ. ಹೊಳೆಪ್ಪನ ಅಪ್ಪ, ಅವನ ಅಪ್ಪ, ಅವನ ಅಪ್ಪ ಎಂದು ಹೆಸರುಗಳನ್ನೂ ಹೇಳಿದ. ಲಗಮವ್ವ ಜಕ್ಕಪ್ಪನ ಹಿಂದೆ ಬಾಗಿಲಲ್ಲಿ ನಿಂತಿದ್ದಳು. ರೇವಪ್ಪ ಎಲ್ಲವನ್ನೂ ಕೇಳಿ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಕುಳಿತ.

"ಹಂಗಾರ ಬನ್ನಿ ಮನಿತನದ ಮಗಳ ಮೊಮ್ಮಗಳು ಬನ್ನಿ ಮನಿತನಕ್ಕs ಬರಾಕತ್ತಾಳು. ಆ ಮುದುಕಿ ಇದ್ದಿದ್ರ ನಮ್ಮ ಒಲಿ ನೋಡಿ ಖುಷಿ ಪಡತಿದ್ಲು" ಎಂದ. ಮರೆವ್ವ ಒಳಗಿನಿಂದ ಸಕ್ಕರೆ ತಂದಳು. ಮರುದಿನ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು ಬಂಗಾರದಂಗ ಇರೋಣ ಎಂದರು.

ಮದುವೆಯಲ್ಲಿ ಗಂಡನ ಹೆಸರು ಹೇಳೆಂದು ಹೆಂಗಸರು ಬಾಗಿಲಲ್ಲಿ ಅಡ್ಡ ನಿಂತಾಗ ಮಾಯವ್ವ ಒಡಪು ಕಟ್ಟಿ ಹೆಸರನ್ನು ಅದರೊಳಗೆ ಮುಚ್ಚಿಟ್ಟು ಹೇಳಿದಳು. ಎಲ್ಲರೂ ನಕ್ಕರು. ಅವಳನ್ನು ಚಕ್ಕಡಿ ಹತ್ತಿಸುವಾಗ ಲಗಮವ್ವ ಮಗಳ ಕಿವಿಯಲ್ಲಿ ಹೇಳಿದಳು. "ಮಂದಿಯಾಗ ಒಡಪ ಹೇಳು, ಸುಮ್ನ ಇರು, ಏನರ ಮಾಡು. ಬರಿಯಾಂವ ಯಾರರ ಬಂದು ಕೇಳಿದ್ರ ಮಾತ್ರ ಬಾಯಿ ಬಿಟ್ಟು ಹೇಳು. ಕೈ ಮಾಡಬ್ಯಾಡ."

ಮಾಘ ಮಾಸದಲ್ಲಿ ಜನ ಎಣಿಸುವ ಖಾನೇಶುಮಾರಿ ಬಂತು. ಸಾಲೆಯ ಮಾಸ್ತರರು ಕಾಗದ ಹಿಡಿದು ಓಣಿಯಲ್ಲಿ ಮನೆಮನೆ ತಿರುಗಿದರು. ಸತ್ಯವ್ವನ ಮನೆಯ ಮುಂದೆ ಬಹಳ ಹೊತ್ತಾಯಿತು. ಸತ್ಯವ್ವನ ಗಂಡ ಕಲ್ಲಪ್ಪ. ಅವಳು ಬೀಸುವ ಕಲ್ಲು ತೋರಿಸುತ್ತಿದ್ದಳು, ಮಾಸ್ತರರು "ಬೀಸಪ್ಪನೇನು?" ಎನ್ನುತ್ತಿದ್ದರು.

ಅಲ್ಲಿಂದ ಅವರು ಲಗಮವ್ವನ ಅಂಗಳಕ್ಕೆ ಬಂದರು. ಜಕ್ಕಪ್ಪ ಕುರಿಗೆ ಹೋಗಿದ್ದ. ಅವಳು ಕದರು ತಿರುಗಿಸುತ್ತ ಅಡ್ಡಾಡುತ್ತಿದ್ದಳು, ನಿಂತಳು.

"ಮನಿ ಯಾರದವ್ವಾ?"

"ಜಕ್ಕಪ್ಪಂದು. ಅವರಪ್ಪ ಹುಲೆಪ್ಪ. ಅವರಪ್ಪ ಹೊಳೆಪ್ಪ, ಗಲಗಲಿಯವರು. ಆನಿ ಬೆಡಗು. ಬರಕೋರಿ."

ಬೇಲಿಯಾಚೆ ಸತ್ಯವ್ವ ಬಾಯಿಗೆ ಸೆರಗು ಹಿಡಿದಳು.

ಮಾಸ್ತರರು ಬರೆಯುತ್ತ ಬರೆಯುತ್ತ ತಲೆ ಎತ್ತಿದರು. "ಇಷ್ಟಕ್ಕ ಇದರಾಗ ಜಾಗಾ ಇಲ್ಲವ್ವಾ. ಮುತ್ಯಾನ ಹೆಸರು ಕೇಳಂಗಿಲ್ಲ."

"ಅಂಚಿಗೆ ಬರೀರಿ."

"ಅಂಚಿಗೆ ಬರದ್ರ ಮ್ಯಾಲಿನವರು ಬೈತಾರ."

"ಬೈಲಿ. ನೀವು ಬರೀರಿ, ಬರದು ನನಗ ಓದಿ ಹೇಳ್ರಿ."

ಮಾಸ್ತರರು ಅವಳ ಮುಖ ನೋಡಿದರು. ಅಂಚಿಗೆ ಸಣ್ಣದಾಗಿ ಏನೋ ಬರೆದು, ಓದಿದರು. "ಹೊಳೆಪ್ಪ." ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ಅವರು ಮುಂದಿನ ಮನೆಗೆ ಹೋದರು. ಲಗಮವ್ವ ಕದರು ತಿರುಗಿಸುತ್ತ ಅವರ ಹಿಂದೆಯೇ ಓಣಿಯ ತುದಿಯ ತನಕ ನಡೆದಳು, ಅವರು ಎಲ್ಲಿಯಾದರೂ ನಿಂತು ಅದನ್ನು ಹೊಡೆದುಹಾಕಿಯಾರೆಂದು.